ಗೋಡೆ ಯಾವ ಕಡೆ ಬಿದ್ದಿತ್ತು?

ನನ್ನ ಮುಖದಲ್ಲಿ ಹುಟ್ಟಿನಿಂದಲೇ ಒಂದು ದೋಷವಿದೆ. ಎದುರಿಗೆ ಕುಳಿತವರು ಏನೇ ಹೇಳಲಿ, ಅದೆಲ್ಲ ನನಗೆ ಬೇರುಸಹಿತ ಅರ್ಥವಾಯಿತು ಎನ್ನುವಂಥ ಒಂದು ಕಳೆ ತಾನಾಗಿಯೇ ಅದರ ಮೇಲೆ ಮೂಡಿಬಿಡುತ್ತದೆ. ಏನೂ ಅರ್ಥವಾಗದಿದ್ದಾಗ ಆ ಕಳೆ ಇನ್ನಷ್ಟು ಹೊಳೆಯುತ್ತದೆ. ಜೊತೆಗೆ ತಲೆಯೂ ಮೆಲ್ಲಗೆ ಆಡತೊಡಗುತ್ತದೆ. ಚಿಕ್ಕೋಡಿಗೆ ಹೆಣ್ಣು ನೋಡಲು ಹೋದಾಗ ನನ್ನ ಭಾವೀ ಮಾವನವರು ಹೆಣ್ಣನ್ನು ಹೊರಗೆ ಕರೆಯುವ ಮೊದಲು ಅರ್ಧ ತಾಸು ತಮ್ಮ ಬಾವಿಯ ಮೋಟಾರಿನ ಬಗ್ಗೆ ಮಾತಾಡಿದರು. ನನಗೆ ಮೋಟಾರಿನ ಗಂಧಗಾಳಿ ಇಲ್ಲ. ತಲೆಯಾಡಿಸುತ್ತ ಕುಳಿತೆ. “ಹುಡುಗ ಭಾಳ ತಿಳುವಳಿಕಿ ಇದ್ದಾಂವ” ಎಂದು ಮಗಳನ್ನು ಕೊಟ್ಟರು. ಮದುವೆಯಾದ ಎಂಟನೆಯ ದಿನ ಆ ಮೋಟಾರು ಕೆಟ್ಟಿತು. ನಿಪ್ಪಾಣಿಗೆ ಮನುಷ್ಯನನ್ನು ಕಳಿಸಿ ನನ್ನನ್ನು ಕರೆಸಿದರು. ಬಾವಿಯ ದಂಡೆಯ ಮೇಲೆ ನಿಂತು ನಾನು ಮತ್ತೆ ತಲೆಯಾಡಿಸಿದೆ. ಅಂದಿನಿಂದ ನನ್ನ ಹೆಂಡತಿ ಶಕುಂತಲಾ ನನ್ನ ತಲೆಯಾಟವನ್ನು ಉತ್ತರವೆಂದು ಒಪ್ಪಿಕೊಳ್ಳುವುದಿಲ್ಲ. ಆದರೆ ಹೊರಗಿನ ಜನ ಒಪ್ಪಿಕೊಳ್ಳುತ್ತಾರೆ. ನಾನು ‘ಬಾಂಧವ್ಯ ಸಮಿತಿ’ಯ ಸಂಚಾಲಕನಾದದ್ದು ಹೀಗೆಯೇ.

ಎಂಬತ್ತರ ದಶಕದ ಕೊನೆಯ ವರ್ಷಗಳು ಅವು. ಅಥಣಿ ಮತ್ತು ಕಾಗವಾಡದ ನಡುವೆ, ಮಂಗಸೂಳಿಯ ಕಡೆಗೆ ಹೊರಳುವ ದಾರಿಯಲ್ಲಿ, ಒಂದು ಕಲ್ಲುಮಡ್ಡಿಯ ಮೇಲೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿತ್ತು. ನಾನು ಅಲ್ಲಿ ಸಮಾಜಶಾಸ್ತ್ರ ಪಾಠ ಹೇಳುತ್ತಿದ್ದೆ. ಮೊದಲು ಬಂದಾಗ ಎರಡು ಕೋಣೆ, ತಗಡಿನ ಮಾಡಿನ ಒಂದು ಗ್ರಂಥಾಲಯ, ಬಿಸಿಲು ಇಷ್ಟೇ ಇದ್ದವು. ನಾಲ್ಕು ವರ್ಷಗಳಲ್ಲಿ ಅದು ಕಣ್ಣೆದುರಿಗೇ ಬೆಳೆದು ನಿಂತಿತು. ಹಾಸ್ಟೆಲ್ಲು ಬಂತು, ನೀರಿನ ಟಾಕಿ ಬಂತು, ಸಿಬ್ಬಂದಿಗೆ ಕ್ವಾರ್ಟರ್ಸು ಬಂದವು. ಮಡ್ಡಿಯ ಕೆಳಗೆ ಮಡ್ಡಿವಾಡಿ ಎಂಬ ಊರು. ಕಬ್ಬು, ದ್ರಾಕ್ಷಿ, ಎಮ್ಮೆ, ಎರಡು ಭಾಷೆಯ ಬೈಗುಳ, ಎಲ್ಲ ಸಮೃದ್ಧವಾಗಿದ್ದ ಊರು. ಊರಿನವರು ನಮ್ಮನ್ನು ‘ಇನವರ್ಸಿಟಿ’ ಎನ್ನುತ್ತಿದ್ದರು. ನಾವು ಅವರನ್ನು ‘ಸ್ಥಳೀಯ ಸಮುದಾಯ’ ಎನ್ನುತ್ತಿದ್ದೆವು. ಕ್ವಾರ್ಟರ್ಸಿನ ಹಿಂದೆ ಪಾಯಗೊಂಡ ಕಾಕಾ ಎಂಬ ಹಿರಿಯರ ಹೊಲ, ಹೊಲ ದಾಟಿದರೆ ತಂಗೆವ್ವ ಎಂಬಾಕೆಯ ಮನೆ. ನಡುವೆ ಒಂದು ಕಾಲುದಾರಿ. ಮೊದಲ ವರ್ಷಗಳಲ್ಲಿ ಯಾರು ಯಾವಾಗ ಎತ್ತ ಹೋಗುತ್ತಾರೆ ಎಂದು ಯಾರೂ ಕೇಳುತ್ತಿರಲಿಲ್ಲ.

ಆಮೇಲೆ ಕಾಂಪೌಂಡಿಗೆ ಮಂಜೂರಾತಿ ಬಂತು. ಎದೆಯೆತ್ತರದ ಇಟ್ಟಿಗೆಯ ಗೋಡೆ ಮಡ್ಡಿಯ ಸುತ್ತ ಎದ್ದಿತು. ಕಟ್ಟಿದವನು ಮಡ್ಡಿವಾಡಿಯದೇ ಗವಂಡಿ, ದಸ್ತಗೀರಭಾಯಿ. ಗ್ರಂಥಾಲಯದ ಬಾಗಿಲಿನ ಕಮಾನು ಕಟ್ಟಿದವನೂ ಆತನೇ. ಆ ಕಮಾನಿನ ಕೆಳಗೆ ಹಾಯುವಾಗಲೆಲ್ಲ ಒಮ್ಮೆ ತಲೆಯೆತ್ತಿ ನೋಡಿಯೇ ಮುಂದೆ ಹೋಗುವಷ್ಟು ಅಭಿಮಾನದ ಮನುಷ್ಯ. ಗೋಡೆ ಮುಗಿದ ನಾಲ್ಕನೆಯ ದಿನ ಕ್ವಾರ್ಟರ್ಸಿನ ಹಿಂದೆ, ಸರಿಯಾಗಿ ಕಾಲುದಾರಿ ಇದ್ದಲ್ಲಿ, ಇಬ್ಬರು ಹಾಯುವಷ್ಟು ಅಗಲಕ್ಕೆ ಅದು ಬಿದ್ದಿತ್ತು. ದಸ್ತಗೀರಭಾಯಿ ಕಟ್ಟಿದ. ಮತ್ತೆ ಬಿತ್ತು. ಕಟ್ಟಿದ. ಬಿತ್ತು. ನಮ್ಮ ಡೈರೆಕ್ಟರು ಶಿಸ್ತಿನ ಮನುಷ್ಯರು. ರಾತ್ರಿ ಕಾವಲಿಗೆ ಒಬ್ಬನನ್ನು ನೇಮಿಸಿದರು. ರಾತ್ರಿಯೆಲ್ಲ ಗೋಡೆ ಕೂಸಿನ ಹಾಗೆ ಸುಖವಾಗಿರುತ್ತಿತ್ತು. ಬೆಳಿಗ್ಗೆ ಕಾವಲುಗಾರ ಮಲಗಲು ಹೋದ ಮೇಲೆ, ನಾವೆಲ್ಲ ಪಾಠ, ಫೈಲುಗಳಲ್ಲಿ ಮುಳುಗಿದಾಗ, ಯಾವಾಗಲೋ ಬೀಳುತ್ತಿತ್ತು.

ಡೈರೆಕ್ಟರು ನನ್ನನ್ನು ಕರೆಸಿದರು. “ಊರವರಿಗೆ ನಮ್ಮ ಮ್ಯಾಲೆ ಸಿಟ್ಟೈತಿ. ಗ್ವಾಡಿ ಕಟ್ಟಿದ್ದ ಅವರಿಗೆ ಸೇರಿಲ್ಲ. ಸಂಬಂಧ ಸುಧಾರಿಸಬೇಕು. ನೀವ ನಿಪ್ಪಾಣಿಯವರು, ಕನ್ನಡಾ ಮರಾಠಿ ಎರಡೂ ಬರ್ತಾವ. ವಿಷಯಾನೂ ನಿಮ್ಮದ, ಸಮಾಜಶಾಸ್ತ್ರ. ಒಂದ ಸಮಿತಿ ಮಾಡೇನಿ, ನೀವ ಸಂಚಾಲಕರು. ತಿಳೀತಲ್ಲ?” ನಾನು ತಲೆಯಾಡಿಸಿದೆ. ಹೊರಗೆ ಬಂದ ಮೇಲೆ ತಿಳಿಯಿತು, ಸಮಿತಿಯ ಉಳಿದ ಇಬ್ಬರು ಸದಸ್ಯರು ಒಬ್ಬರು ಬೆನ್ನುನೋವಿನಿಂದ, ಇನ್ನೊಬ್ಬರು ತತ್ತ್ವದ ಆಧಾರದ ಮೇಲೆ ಆಗಲೇ ರಾಜೀನಾಮೆ ಕೊಟ್ಟಿದ್ದರು. ಎರಡು ಭಾಷೆ ಬಲ್ಲವನು ಜನರನ್ನು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾನೆ ಎಂದು ಡೈರೆಕ್ಟರು ನಂಬಿದ್ದರು. ಎರಡು ಭಾಷೆ ಬಲ್ಲವನು ಒಂದೇ ಮಾತನ್ನು ಎರಡು ಸಲ ತಪ್ಪಾಗಿ ತಿಳಿದುಕೊಳ್ಳಬಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ.

ನಾನು ಸೈಕಲ್ ಹತ್ತಿ ಪಾಯಗೊಂಡ ಕಾಕಾರ ಮನೆಗೆ ಹೋದೆ. ಬೈಸಿಕೊಳ್ಳುವ ತಯಾರಿ ಮಾಡಿಕೊಂಡೇ ಹೋಗಿದ್ದೆ. ಅವರು ಕಟ್ಟೆಯ ಮೇಲೆ ಜಮಖಾನೆ ಹಾಸಿಸಿದರು, ಬೆಲ್ಲದ ಚಹಾ ತರಿಸಿದರು.

“ನೀವ ಬಂದದ್ದ ಛಲೋ ಆತ್ರಿ ಸರ. ನಾವ ಬರಬೇಕಂತ ಮಾಡಿದ್ವಿ.”

“ಆ ಗ್ವಾಡಿ ಸಲುವಾಗಿ ಬಂದೇನ್ರಿ ಕಾಕಾ.”

“ನಮ್ಮ ಮನಸಿನ್ಯಾಗೂ ಅದ ಇತ್ತ ನೋಡ್ರಿ.”

“ಆದದ್ದ ಆಗಿ ಹೋತು. ಇನ್ನ ಮ್ಯಾಲೆ ಹಂಗ ಆಗಬಾರದು.”

“ಅಷ್ಟ ಅಂದ್ರಲ್ಲ, ಸಾಕ್ರಿ. ಇನ್ನ ಮ್ಯಾಲೆ ಆಗಬಾರದು.”

“ಹಿಂದ ಯಾರ ಮಾಡಿದ್ರು ಅಂತ ನಾವೂ ಕೆದಕಿ ಕೇಳಂಗಿಲ್ಲ.”

“ನಾವೂ ಕೇಳಂಗಿಲ್ಲ ಬಿಡ್ರಿ. ಹಂಗಾರ ಮಾತ ಆತು?”

“ಮಾತ ಆತ್ರಿ ಕಾಕಾ.”

ಇಬ್ಬರೂ ಕೈಕೈ ಹಿಡಿದುಕೊಂಡೆವು. ಅವರ ಕಣ್ಣಿನಲ್ಲಿ ನೀರಿತ್ತೋ ಏನೋ, ನನ್ನ ಕಣ್ಣಿನಲ್ಲಂತೂ ಚಹಾದ ಹಬೆ ಇತ್ತು. ಇಷ್ಟು ಸರಳವಾದ ಜನರನ್ನು ನಾವು ಎಷ್ಟು ತಪ್ಪು ತಿಳಿದಿದ್ದೆವಲ್ಲ ಎಂದು ದಾರಿಯುದ್ದಕ್ಕೂ ಮರುಗಿದೆ. ‘ಗ್ರಾಮಸ್ಥರು ಇನ್ನು ಮುಂದೆ ಗೋಡೆ ಕೆಡವುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ’ ಎಂದು ಎರಡು ಪುಟದ ವರದಿ ಬರೆದೆ. ಡೈರೆಕ್ಟರು ಅದನ್ನು ಓದಿ ನನ್ನ ಬೆನ್ನು ತಟ್ಟಿದರು. ಮೂರನೆಯ ದಿನ ಮಧ್ಯಾಹ್ನ ಗೋಡೆ ಬಿತ್ತು.

ನಾನು ಮತ್ತೆ ಸೈಕಲ್ ಹತ್ತಿದೆ. ಈ ಸಲ ಕಾಕಾ ಕಟ್ಟೆಯಿಂದ ಏಳಲಿಲ್ಲ. ಜಮಖಾನೆಯೂ ಹೊರಗೆ ಬರಲಿಲ್ಲ. “ದೊಡ್ಡ ಮಂದಿ ಮಾತ ಕೊಟ್ಟ ತಪ್ಪಬಾರದ್ರಿ ಸರ” ಎಂದರು. ತಮ್ಮ ಊರಿನ ಹಿರಿಯರ ನಡತೆಗೆ ತಾವೇ ನಾಚಿಕೊಂಡಿದ್ದಾರೆ ಎಂದು ನನಗೆ ಅರ್ಥವಾಯಿತು. ಅಂದರೆ, ಅರ್ಥವಾಯಿತು ಎಂದು ನಾನು ತಿಳಿದೆ. ಸಮಾಧಾನ ಹೇಳಬೇಕೆನಿಸಿತು. “ಹೋಗ್ಲಿ ಬಿಡ್ರಿ ಕಾಕಾ, ನಾವೇನ ಮನಸಿಗೆ ಹಚ್ಚಿಕೊಂಡಿಲ್ಲ” ಎಂದೆ. ಕಾಕಾ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಎದ್ದು ಒಳಗೆ ಹೋದರು. ಚಹಾ ತರಲು ಹೋಗಿರಬೇಕೆಂದು ನಾನು ಬಹಳ ಹೊತ್ತು ಕಾದೆ.

ಬಾಯಿಮಾತಿನಿಂದ ಆಗದ್ದು ವಿಜ್ಞಾನದಿಂದ ಆಗುತ್ತದೆ ಎಂದು ಒಂದು ಪ್ರಶ್ನಾವಳಿ ತಯಾರಿಸಿದೆ. ‘ವಿಶ್ವವಿದ್ಯಾಲಯದ ಬಗ್ಗೆ ನಿಮ್ಮ ಭಾವನೆ ಯಾವುದು? ತುಂಬ ಸಿಟ್ಟು, ಸಿಟ್ಟು, ಹೇಳಲಾಗದು, ಸಂತೋಷ, ತುಂಬ ಸಂತೋಷ.’ ಮೊದಲು ತಂಗೆವ್ವನ ಮನೆಗೆ ಹೋದೆ. ಗೋಡೆಗೆ ತೀರ ಹತ್ತಿರದ ಮನೆ ಅದೇ. ಆಕೆ ಎಮ್ಮೆಯ ಕೆಳಗೆ ಕುಳಿತಿದ್ದಳು. ಐದೂ ಆಯ್ಕೆಗಳನ್ನು ಓದಿ ಹೇಳಿದೆ. ಹಾಲು ಕರೆಯುವುದನ್ನು ನಿಲ್ಲಿಸದೆಯೇ, “ನಿಮಗ ಯಾವದ ಬೇಕೋ ಅದಕ್ಕ ಗುರುತ ಹಾಕ್ಕೋರಿ ಸರ. ನಿಮ್ಮ ನೌಕರಿಗೆ ತ್ರಾಸ ಆಗಬಾರದು” ಎಂದಳು. ನಿಮ್ಮ ಮನಸ್ಸಿನಲ್ಲಿ ಇದ್ದದ್ದೇ ಬೇಕು ಎಂದೆ. “ನನ್ನ ಮನಸಿನ್ಯಾಗ ಈಗ ಈ ಎಮ್ಮಿ ಒದೀಬಾರದು ಅಂತೈತಿ” ಎಂದಳು. ‘ಹೇಳಲಾಗದು’ ಎಂಬುದಕ್ಕೆ ಗುರುತು ಹಾಕಿಕೊಂಡು ಹೊರಟೆ. ಹಿಂದಿನಿಂದ, “ಶಕ್ಕೂಬಾಯಾರಿಗೆ ಕೆಮ್ಮ ಕಡಿಮಿ ಆತೇನ್ರಿ?” ಎಂದು ಕೇಳಿದಳು. “ಆತ್ರಿ” ಎಂದೆ. ನನ್ನ ಹೆಂಡತಿಗೆ ಕೆಮ್ಮು ಇದ್ದದ್ದು ನನಗೇ ಆವಾಗ ಗೊತ್ತಾದದ್ದು. ಈಕೆಗೆ ಹೇಗೆ ಗೊತ್ತು ಎಂಬ ಪ್ರಶ್ನೆ ನನ್ನ ಪ್ರಶ್ನಾವಳಿಯಲ್ಲಿ ಇರಲಿಲ್ಲವಾದ್ದರಿಂದ ಅದು ನನಗೆ ಹೊಳೆಯಲೂ ಇಲ್ಲ.

ಹೀಗೆ ಮೂರು ತಿಂಗಳಾದವು. ಗೋಡೆ ಏಳುತ್ತಿತ್ತು, ಬೀಳುತ್ತಿತ್ತು. ಒಂದು ದಿನ ದಸ್ತಗೀರಭಾಯಿ ಕೆಲಸ ನಿಲ್ಲಿಸಿ ನನ್ನನ್ನು ಕರೆದ. “ಸರ, ಇಟ್ಟಂಗಿ ಎಲ್ಲಿ ಬಿದ್ದಾವ ನೋಡ್ರಿ.” ನೋಡಿದೆ. “ಕಾಕಾರ ಹೊಲದಾಗ” ಎಂದೆ. “ಹೌದ್ರಿ. ಹೊಲದಾಗ. ಇನವರ್ಸಿಟಿಯಾಗಲ್ಲ.” ನಾನು ಗಂಭೀರವಾಗಿ ತಲೆಯಾಡಿಸಿದೆ. ಆತ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಒಂದು ನಿಟ್ಟುಸಿರು ಬಿಟ್ಟು, ಮತ್ತೆ ಇಟ್ಟಿಗೆ ಜೋಡಿಸತೊಡಗಿದ.

ಆ ವಾರದ ಗುರುವಾರ ಮಧ್ಯಾಹ್ನ ನನಗೆ ಒಂದು ಕ್ಲಾಸಿತ್ತು. ಟಿಪ್ಪಣಿ ತೆರೆದರೆ ಅಕ್ಷರಗಳೆಲ್ಲ ಇರುವೆಗಳ ಹಾಗೆ ಕಂಡವು. ಚಸ್ಮಾ ಮನೆಯಲ್ಲಿ ಉಳಿದಿತ್ತು. ತರಲೆಂದು ಕ್ವಾರ್ಟರ್ಸಿಗೆ ಬಂದೆ. ಬಾಗಿಲಿಗೆ ಕೀಲಿ ಹಾಕಿತ್ತು. ಹಿಂದುಗಡೆಯಿಂದ ‘ಧಡ್’ ಎಂದು ಸಪ್ಪಳ ಕೇಳಿಸಿತು. ಹಿತ್ತಿಲು ಸುತ್ತಿ ಬಂದು ನೋಡುತ್ತೇನೆ, ನಮ್ಮ ಮನೆಯ ಬೆತ್ತದ ಕುರ್ಚಿಯ ಮೇಲೆ, ಕೊಡೆ ಹಿಡಿದುಕೊಂಡು, ಡೈರೆಕ್ಟರ ತಾಯಿ ಕುಳಿತಿದ್ದಾರೆ. ಕ್ವಾರ್ಟರ್ಸಿನವರೆಲ್ಲ ಆಯಿ ಎಂದು ಕರೆಯುತ್ತಿದ್ದ ಮುದುಕಿ, ಪಾಲಬಾವಿಯ ಕಡೆಯವರು. ಸುತ್ತಲೂ ಅಕ್ಕಪಕ್ಕದ ಮನೆಗಳ ಮೂವರು ಹೆಣ್ಣುಮಕ್ಕಳು ಸೆರಗು ಸಿಕ್ಕಿಸಿ ನಿಂತಿದ್ದಾರೆ. ನಟ್ಟನಡುವೆ, ಕೈಯಲ್ಲಿ ಹಾರೆ ಹಿಡಿದುಕೊಂಡು, ನನ್ನ ಶಕುಂತಲಾ.

“ಕೆಳಗ ಬ್ಯಾಡ ಶಕ್ಕೂ, ಮ್ಯಾಲಿನ ಸಾಲಿಗೆ ಹಾಕು. ಮುಂಜಾನೆ ಕಟ್ಯಾನ, ಇನ್ನೂ ಹಸಿ ಐತಿ” ಎಂದು ಆಯಿ ಹೇಳುತ್ತಿದ್ದರು. ಶಕುಂತಲಾ ಹಾರೆ ಹಾಕಿ ಒಂದು ಮೀಟು ಮೀಟಿದಳು. ಒಂದು ಸಾಲು ಇಟ್ಟಿಗೆ ಧಡಧಡ ಎಂದು ಕಾಕಾರ ಹೊಲದೊಳಗೆ ಉರುಳಿತು. ಒಳಗಿನಿಂದ ತಳ್ಳಿದ ಗೋಡೆ ಹೊರಗೆ ಬೀಳುತ್ತದೆ ಎಂಬ ಸಂಗತಿ, ಸಮಾಜಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದ ನನಗೆ, ಆಗ ತಿಳಿಯಿತು.

“ಬಾರಪ ಮಾಸ್ತರ, ನೀನೂ ಒಂದ ಕೈ ಹಚ್ಚು” ಎಂದರು ಆಯಿ.

“ಆಯಿ, ಇದೇನ್ರಿ ಇದು? ಊರಿಗೆ ಹೋಗಾಕ ದೊಡ್ಡ ಗೇಟ ಐತೆಲ್ರಿ?”

“ಐತೆಪಾ. ಸುತ್ತ ಹಾಕಿ ಹೋಗಾಕ ಗಟ್ಟಿ ಮೊಣಕಾಲ ಎಲ್ಲಿಂದ ತರಲಿ? ಅಲ್ಲೊಬ್ಬ ವಹಿ ಹಿಡಕೊಂಡ ಕುಂತಾನ. ಎಲ್ಲಿಗೆ ಹೊಂಟಿ, ಏನ ಕೆಲಸ, ಯಾವಾಗ ಬರ್ತಿ ಅಂತ ಬರಸಬೇಕಂತ. ಕೆಲಸ ಏನೂ ಇಲ್ಲೋ, ಸುಮ್ಮನ ಮಾತಾಡಾಕ ಹೊಂಟೇನಿ ಅಂದೆ. ಅದಕ್ಕ ಇದರಾಗ ಜಾಗಾ ಇಲ್ಲ ಅಂದ.” ಆಯಿ ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡರು. “ನನ್ನ ಮಗಾ ಮುಂಜಾನೆ ಹೋದಾಂವ ದೀಪಾ ಹಚ್ಚೂ ಹೊತ್ತಿಗೆ ಬರ್ತಾನ. ಬಂದ ಮ್ಯಾಲೆ ಫೈಲಿನ ಜೋಡಿ ಮಾತಾಡ್ತಾನ. ನಾ ಈ ಗ್ವಾಡಿ ಜೋಡಿ ಮಾತಾಡ್ಲೇನ?”

ತಂಗೆವ್ವನ ಮನೆಯ ಪಡಸಾಲೆಯಲ್ಲಿ ಇವರೆಲ್ಲ ದಿನವೂ ಎರಡು ತಾಸು ಸೇರುತ್ತಿದ್ದರಂತೆ. ಊರಿನ ಹೆಣ್ಣುಮಕ್ಕಳ ಜೊತೆ ಕುಳಿತು ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದರಂತೆ. ಯಾರ ಮನೆಯಲ್ಲಿ ಯಾರಿಗೆ ಕೆಮ್ಮು ಎಂಬುದೆಲ್ಲ ಅಲ್ಲಿಯೇ ವಿನಿಮಯ. ಒಟ್ಟಿನಲ್ಲಿ ವಿಶ್ವವಿದ್ಯಾಲಯ ಮತ್ತು ಸ್ಥಳೀಯ ಸಮುದಾಯದ ಸಂಬಂಧ ನಾನು ಸಂಚಾಲಕನಾಗುವ ಮೊದಲೇ ಅತ್ಯುತ್ತಮವಾಗಿತ್ತು. ಅದನ್ನು ಸುಧಾರಿಸಲು ನಾನು ಮೂರು ತಿಂಗಳು ದುಡಿದಿದ್ದೆ.

ಶಕುಂತಲಾ ಹಾರೆಯನ್ನು ಕೆಳಗಿಟ್ಟು ನನ್ನ ಹತ್ತಿರ ಬಂದಳು. “ನೀವ ಏನೂ ನೋಡಿಲ್ಲ.”

“ನೋಡಿದ್ನೆಲ್ಲ?”

“ನೋಡಿಲ್ಲ ಅಂದ್ರ ನೋಡಿಲ್ಲ. ಚಸ್ಮಾ ಎಲ್ಲೈತಿ ನಿಮ್ಮದು?”

ಚಸ್ಮಾ ಕೀಲಿ ಹಾಕಿದ ಮನೆಯೊಳಗಿತ್ತು. ಸಾಕ್ಷಿ ಹೇಳುವ ಯೋಗ್ಯತೆ ನನಗಿರಲಿಲ್ಲ. ಕೀಲಿ ಇಸಿದುಕೊಂಡು ಹೋದೆ.

ಇದು ಇಲ್ಲಿಗೇ ಮುಗಿದಿದ್ದರೆ ನಗುವ ಸಂಗತಿ. ಅಂದು ಸಂಜೆ ಡೈರೆಕ್ಟರು ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. “ಗೊತ್ತಾತ್ರಿ. ಎಲ್ಲಾ ಆ ಗವಂಡಿದ ಆಟ. ತಾನ ಕೆಡವತಾನ, ತಾನ ಕಟ್ಟತಾನ. ಕೆಲಸ ಮುಗೀಬಾರದಲ್ಲ ಅಂವಗ. ರವಿವಾರ ಊರವರದೂ ನಮ್ಮದೂ ಒಂದ ಸಭಾ ಕರದೇನಿ. ಪೊಲೀಸ್ ಫೌಜದಾರರೂ ಬರ್ತಾರ. ಎಲ್ಲಾರ ಮುಂದ ಹೆಸರ ಹೇಳಿ ಅವರ ಕೈಯಾಗ ಕೊಡತೇನಿ. ಅಲ್ಲೀತನಕ ಈ ಮಾತ ಹೊರಗ ಹೋಗಬಾರದು.” ನನ್ನ ತಲೆ ತನ್ನಷ್ಟಕ್ಕೆ ಆಡಿತು. ಬಾಯಿ ಮಾತ್ರ ತೆರೆಯಲಿಲ್ಲ. ‘ಕೆಡವಿಸಿದವರು ನಿಮ್ಮ ತಾಯಿ, ಕೆಡವಿದವಳು ನನ್ನ ಹೆಂಡತಿ’ ಎಂಬ ವಾಕ್ಯ ವ್ಯಾಕರಣದ ದೃಷ್ಟಿಯಿಂದ ಸುಲಭವಾದದ್ದೇ. ಆದರೆ ಆ ತಿಂಗಳು ನನ್ನ ಬಡ್ತಿಯ ಕಾಗದ ಅವರ ಮೇಜಿನ ಮೇಲಿತ್ತು. ನನ್ನ ಕಣ್ಣು ಆ ಕಾಗದದ ಮೇಲಿತ್ತು.

ಶುಕ್ರವಾರ ಧೈರ್ಯ ಮಾಡಿ ಅವರ ಮನೆಗೇ ಹೋದೆ. ಬಾಗಿಲು ತೆರೆದವರು ಆಯಿ. “ಬಾ, ಕುಂಡ್ರು. ಅಂವ ಜಳಕಾ ಮಾಡಾಕತ್ತಾನ” ಎಂದು ಮುಂದೆ ಒಂದು ತಟ್ಟೆ ಅವಲಕ್ಕಿ ಇಟ್ಟು, ಎದುರಿಗೆ ಕುಳಿತು ನನ್ನನ್ನೇ ನೋಡತೊಡಗಿದರು. ಅವಲಕ್ಕಿ ತಿಂದೆ. ಡೈರೆಕ್ಟರು ಹೊರಗೆ ಬರುವ ಮೊದಲೇ ಎದ್ದು ಬಂದೆ. ದಸ್ತಗೀರಭಾಯಿಯ ಹೆಸರು ಬಂದಿರುವ ವಿಷಯ ಆಯಿಗೂ ತಿಳಿಯದು, ಶಕುಂತಲಾಗೂ ತಿಳಿಯದು. ತಿಳಿಸಿದ್ದರೆ ಶಕುಂತಲಾ ಆ ಕ್ಷಣವೇ ಕೈಯಲ್ಲಿ ಹಾರೆ ಹಿಡಿದುಕೊಂಡು ಆಫೀಸಿಗೆ ನಡೆದುಬಿಡುತ್ತಿದ್ದಳು. ಆದ್ದರಿಂದಲೇ ತಿಳಿಸಲಿಲ್ಲ. ಇದನ್ನು ಬರೆಯುವಾಗ ಇಷ್ಟು ವರ್ಷದ ಮೇಲೂ ಪೆನ್ನು ನಿಲ್ಲುತ್ತದೆ.

ಶನಿವಾರ ದಸ್ತಗೀರಭಾಯಿ ಗ್ರಂಥಾಲಯದ ಮುಂದೆ ನನಗಾಗಿ ಕಾಯುತ್ತಿದ್ದ. ಆಫೀಸಿನ ಯಾರೋ ಆತನ ಕಿವಿಗೆ ಹಾಕಿದ್ದರು. “ನನ್ನ ಹೆಸರ ಹಾಕ್ಯಾರಂತ ಸರ. ಇನ್ನೂ ಮನ್ಯಾಗ ಹೇಳಿಲ್ರಿ. ಈ ಕೈಲೆ ಕಟ್ಟೇನಿ, ಈ ಕೈಲೆ ಹೆಂಗ ಕೆಡವಲಿ? ಸಾಹೇಬರಿಗೆ ನಿಮ್ಮ ಮ್ಯಾಲೆ ವಿಶ್ವಾಸ ಐತಿ. ನೀವ ಒಂದ ಮಾತ ಹೇಳ್ರಿ.” ನಾನು “ನೋಡೋಣ” ಎಂದೆ. ಆತ ಕೈಮುಗಿದ. ನನಗೆ ಮುಗಿದ ಕೈಗಳನ್ನು ನೋಡಲಾಗಲಿಲ್ಲ. ಮೇಲೆ ಕಮಾನು ನೋಡಿದೆ.

ರವಿವಾರ ಮುಂಜಾನೆ ಗ್ರಂಥಾಲಯದ ಮುಂದೆ ಪೆಂಡಾಲು ಹಾಕಿತ್ತು. ಒಂದು ಕಡೆ ಊರವರು, ಒಂದು ಕಡೆ ನಾವು, ಪಕ್ಕದಲ್ಲಿ ಎರಡೂ ಕಡೆಯ ಹೆಣ್ಣುಮಕ್ಕಳು ಬೆರೆತು ಕುಳಿತಿದ್ದರು. ಹಾಗೆ ಅವರು ಬೆರೆತದ್ದನ್ನು ಕಂಡು ಡೈರೆಕ್ಟರು ನನ್ನ ಕಿವಿಯಲ್ಲಿ, “ನೋಡ್ರಿ, ಸಭಾ ಕರೆಯೂದರಿಂದ ಎಷ್ಟ ಲಗೂ ಸುಧಾರಣಾ ಆತು” ಎಂದರು. ಫೌಜದಾರರು ಮುಂದಿನ ಸಾಲಿನಲ್ಲಿ ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಡೈರೆಕ್ಟರು ಭಾಷಣ ಆರಂಭಿಸಬೇಕು ಎನ್ನುವಷ್ಟರಲ್ಲಿ ಪಾಯಗೊಂಡ ಕಾಕಾ ಎದ್ದು ನಿಂತರು.

“ಸಾಹೇಬ್ರ, ಮೊದಲ ನಮ್ಮದೊಂದ ಕೇಳ್ರಿ. ನಿಮ್ಮ ಇನವರ್ಸಿಟಿ ನನ್ನ ಹೊಲದಾಗ ಇಟ್ಟಂಗಿ ಯಾಕ ಒಗೀತೈತಿ? ನನ್ನ ಎತ್ತಿನ ಗೊರಸ ಸೀಳಿ ಎಂಟ ದಿನಾ ಕೊಟ್ಟಿಗ್ಯಾಗ ನಿಂತಿತ್ತು. ಗ್ವಾಡಿ ಕೆಡವಿ ಕೆಡವಿ ಮುಂದಕ್ಕ ಸರಸಾಕ ಹೊಂಟೀರೇನ?”

ಡೈರೆಕ್ಟರು ಕಕ್ಕಾಬಿಕ್ಕಿಯಾದರು. “ನಾವ? ಕೆಡವೋರು ನೀವು! ಇನ್ನ ಮ್ಯಾಲೆ ಕೆಡವಂಗಿಲ್ಲ ಅಂತ ನೀವ ಮಾತ ಕೊಟ್ಟೀರಿ ಅಂತ ನಮ್ಮ ಸಂಚಾಲಕರು ಬರದ ಕೊಟ್ಟಾರ!”

“ನಾವ ಕೊಟ್ಟಿಲ್ರಿ. ನಿಮ್ಮ ಸಂಚಾಲಕರ ನಮಗ ಮಾತ ಕೊಟ್ಟ ಹೋಗ್ಯಾರ!”

ಎರಡೂ ಕಡೆಯವರು ಒಟ್ಟಿಗೆ ನನ್ನ ಕಡೆ ತಿರುಗಿದರು. ಆ ದಿನ ಪೆಂಡಾಲಿನಲ್ಲಿ ಪೂರ್ಣ ಸಹಮತ ಮೂಡಿದ್ದು ಆ ಒಂದು ಗಳಿಗೆಯಲ್ಲಿ ಮಾತ್ರ. ಡೈರೆಕ್ಟರು ಸಾವರಿಸಿಕೊಂಡು ಕೈಯೆತ್ತಿದರು. “ಆತು. ನೀವೂ ಕೆಡವಿಲ್ಲ, ನಾವೂ ಕೆಡವಿಲ್ಲ. ಹಂಗಾರ ನಡುವ ಇದ್ದಾಂವ ಒಬ್ಬನ ಉಳೀತಾನ. ದಸ್ತಗೀರ, ಏಳು.”

ದಸ್ತಗೀರಭಾಯಿ ಎದ್ದ. ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನನ್ನನ್ನು ನೋಡಿದ. ಫೌಜದಾರರು ಟೊಪ್ಪಿಗೆ ಹಾಕಿಕೊಂಡರು.

ನಾನು ಯಾವಾಗ ಎದ್ದು ನಿಂತೆನೋ ನನಗೇ ಗೊತ್ತಿಲ್ಲ. ಸತ್ಯ ಹೇಳಬೇಕೆಂದೇ ಎದ್ದದ್ದು. ಆದರೆ ಬಲಗಡೆ ಆಯಿ, ಎಡಗಡೆ ಡೈರೆಕ್ಟರು, ಎದುರಿಗೆ ಶಕುಂತಲಾ. ಯಾವ ಹೆಸರು ಹಿಡಿದರೂ ಒಂದು ಮನೆ ಹೊತ್ತಿ ಉರಿಯುತ್ತದೆ. ಮೊದಲು ಬಾಯಿಂದ “ಗೋಡೆ ಎಂಬುದು ಒಂದು ಸಾಮಾಜಿಕ...” ಎಂದು ಹೊರಟಿತು. ಯಾರೋ ಕೆಮ್ಮಿದರು. ಕಣ್ಣು ಮುಚ್ಚಿಕೊಂಡು ಅಂದುಬಿಟ್ಟೆ: “ದಸ್ತಗೀರಭಾಯಿ ಕೆಡವಿಲ್ರಿ. ನಾ ಕೆಡವೇನಿ.”

ಬದುಕಿನಲ್ಲಿ ಮೊದಲ ಸಲ ಒಂದು ದೊಡ್ಡ ಕೆಲಸ ಮಾಡಿದ ಹಾಗೆ ಎದೆ ಉಬ್ಬಿತು. ಅದು ಪೂರ್ತಿ ಉಬ್ಬುವ ಮೊದಲೇ ತಂಗೆವ್ವ ಕಿಸಕ್ಕೆಂದು ನಕ್ಕಳು. “ಅಯ್ಯ ನಮ್ಮವ್ವ! ಈ ಸರಗ ಸೈಕಲ್ಲಿನ ಸ್ಟ್ಯಾಂಡ ಹಾಕಾಕ ಬರಂಗಿಲ್ಲ, ಗ್ವಾಡಿ ಕೆಡವ್ಯಾರಂತ!” ಊರಿಗೆ ಊರೇ ನಕ್ಕಿತು. ಫೌಜದಾರರೂ ನಕ್ಕರು. ದಸ್ತಗೀರಭಾಯಿ ಒಬ್ಬ ನಗಲಿಲ್ಲ.

ಆಗ ಶಕುಂತಲಾ ಎದ್ದಳು. ನನ್ನನ್ನು ಉಳಿಸಲು ಎಂದುಕೊಂಡೆ. “ಇವರ ಮಾತ ಕೇಳಬ್ಯಾಡ್ರಿ” ಎಂದಳು. “ಮೂರ ತಿಂಗಳಿಂದ ಕೆಡವಾಕತ್ತಾಕಿ ನಾನು. ಅಂಗೈಯಾಗ ಬೊಕ್ಕಿ ಎದ್ದಾವ, ನೋಡ್ರಿ. ದಸ್ತಗೀರಭಾಯಿ ಹೆಸರ ಯಾಕ ತರ್ತೀರಿ?” ಎಂದು ಎರಡೂ ಕೈ ಚಾಚಿ ಫೌಜದಾರರಿಗೆ ತೋರಿಸಿದಳು. ಅವಳ ಹಿಂದೆ ಉಳಿದ ಮೂವರೂ ಎದ್ದರು. ಕೊನೆಗೆ ಮೊಣಕಾಲು ಹಿಡಿದುಕೊಂಡು ಆಯಿ ಎದ್ದರು.

“ಅವ್ವಾ, ನೀನೂ?” ಎಂದರು ಡೈರೆಕ್ಟರು. ಅವರ ಧ್ವನಿ ಒಮ್ಮೆಲೇ ಸಣ್ಣದಾಗಿತ್ತು.

“ನಾ ಕೈ ಹಚ್ಚಿಲ್ಲಪಾ. ಬರೇ ಕುರ್ಚಿ ಮ್ಯಾಲೆ ಕುಂತ ಹೇಳೇನಿ. ನೀ ಆಫೀಸಿನ್ಯಾಗ ಮಾಡ್ತೀಯಲ್ಲ, ಹಂಗ.”

ಈ ಸಲ ನಕ್ಕದ್ದು ನಮ್ಮ ಕಡೆಯವರು. ಡೈರೆಕ್ಟರು ಕೈಯಲ್ಲಿದ್ದ ಭಾಷಣದ ಹಾಳೆಗಳನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಕೆಳಗಿಳಿದು ದಸ್ತಗೀರಭಾಯಿಯ ಹತ್ತಿರ ಹೋಗಿ, ಎರಡೂ ಕೈ ಹಿಡಿದುಕೊಂಡು, “ತಪ್ಪ ಆತು” ಎಂದರು. ಅಷ್ಟೇ ಅಂದರು. ಆ ಎರಡು ಶಬ್ದ ಹೇಳಲು ಅವರಿಗೆ ಸಮಿತಿ ಬೇಕಾಗಲಿಲ್ಲ. ಫೌಜದಾರರು ಚಹಾ ಕುಡಿದು, “ಇದರಾಗ ನಮ್ಮದೇನೂ ಕೆಲಸಿಲ್ರಿ” ಎಂದು ಹೊರಟುಹೋದರು. ಗೋಡೆ ಬೀಳುತ್ತಿದ್ದ ಜಾಗದಲ್ಲಿ ಒಂದು ಸಣ್ಣ ಬಾಗಿಲು ಇಡುವುದು, ಅಲ್ಲಿ ಯಾವ ವಹಿಯನ್ನೂ ಇಡದಿರುವುದು ಎಂದು ಅಲ್ಲಿಯೇ ತೀರ್ಮಾನವಾಯಿತು. ಬಿದ್ದ ಇಟ್ಟಿಗೆಗಳನ್ನು ವಾಪಸು ಕೊಡುತ್ತೀರಾ ಎಂದು ಕಾಕಾರನ್ನು ಕೇಳಿದ್ದಕ್ಕೆ, ಅವುಗಳಿಂದ ಆಗಲೇ ಎತ್ತುಗಳಿಗೆ ಮೇವು ಹಾಕುವ ಗೋದಲಿ ಕಟ್ಟಿಸಿಯಾಗಿದೆ ಎಂದರು. ಗಾಯವಾದದ್ದು ಎತ್ತಿಗೇ ಆದ್ದರಿಂದ ಇದರಲ್ಲಿ ನ್ಯಾಯವಿದೆ ಎಂದು ಎಲ್ಲರೂ ಒಪ್ಪಿದರು.

ನನ್ನ ‘ನಾ ಕೆಡವೇನಿ’ ಎಂಬ ಮಾತಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಹಚ್ಚಿದರು. ಸತ್ಯ ಹೊರಗೆ ಬರಲಿ ಎಂದೇ ನಾನು ಹೂಡಿದ ಉಪಾಯ ಅದು ಎಂದು ಡೈರೆಕ್ಟರು ಕೇಂದ್ರ ಕಚೇರಿಗೆ ಬರೆದರು. ಬಡ್ತಿಯೂ ಬಂತು. ನನಗೆ ಓದಿ ಓದಿ ತಲೆ ಕೆಟ್ಟಿದೆ ಎಂದು ಕಾಕಾ ನಂಬಿದರು. ಶಕುಂತಲಾ ಮಾತ್ರ ವಾರಗಟ್ಟಲೆ ಮುನಿಸಿಕೊಂಡಿದ್ದಳು. “ನಾವು ಬಿಸಲಾಗ ದುಡಿದದ್ದು, ನೀವ ಎದ್ದ ನಿಂತ ನಿಮ್ಮ ಹೆಸರ ಹೇಳಿಕೊಂಡ್ರಿ” ಎನ್ನುತ್ತಿದ್ದಳು. ನನಗೂ ಅದರ ಸರಿಯಾದ ಅರ್ಥ ಗೊತ್ತಿರಲಿಲ್ಲವಾದ್ದರಿಂದ ಮೂವರ ಮಾತಿಗೂ ಅಡ್ಡಿಪಡಿಸಲಿಲ್ಲ.

ಬಾಗಿಲಿನ ಕೆಲಸ ಶುರುವಾದ ದಿನ ದಸ್ತಗೀರಭಾಯಿಯ ಹತ್ತಿರ ಹೋದೆ. ಆತ ಹೊಸ ಗೋಡೆಯ ಸಾಲಿಗೆ ದಾರ ಕಟ್ಟುತ್ತಿದ್ದ. ಕ್ಷಮೆ ಕೇಳಬೇಕೆಂದು ಹೋದವನು ಹವೆಯ ಬಗ್ಗೆ, ಉಸುಕಿನ ಬಗ್ಗೆ ಮಾತಾಡಿದೆ. ಕೊನೆಗೆ, “ನನಗ ಮೊದಲ ಗೊತ್ತಿತ್ತ ದಸ್ತಗೀರಭಾಯಿ” ಎಂದೆ.

“ಯಾವಾಗ ಗೊತ್ತಾತ್ರಿ?”

“ಗುರುವಾರ.”

“ಸಭಾ ರವಿವಾರ ಇತ್ತಲ್ರಿ.” ದಾರಕ್ಕೆ ಗಂಟು ಹಾಕುತ್ತ ಆತ ಹೇಳಿದ: “ನನಗ ಮೊದಲ ದಿನದಿಂದ ಗೊತ್ತಿತ್ರಿ. ನಮ್ಮಾಕಿನೂ ಅವರ ಜೋಡಿ ಕುಂತ ಕೌದಿ ಹೊಲೀತಾಳ. ಹೆಣ್ಣಮಕ್ಕಳ ಹೆಸರ ಹೇಳಿ ನಾ ಪಾರಾಗೂದ ಬ್ಯಾಡ ಅಂತ ಸುಮ್ಮನಿದ್ದೆ. ನೀವ್ಯಾಕ ಸುಮ್ಮನಿದ್ರಿ ಸರ?”

ಕುಹಕವಿರಲಿಲ್ಲ, ಸಿಟ್ಟಿರಲಿಲ್ಲ. ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳುವ ಹಾಗೆ ಕೇಳಿದ. ನಾನು “ಅದ ಏನಂದ್ರ...” ಎಂದು ಶುರುಮಾಡಿ ನಾಲ್ಕಾರು ವಾಕ್ಯ ಹೇಳಿದೆ. ಒಂದೂ ಎಲ್ಲಿಗೂ ಹೋಗಿ ಮುಟ್ಟಲಿಲ್ಲ. ಆತ ಕೊನೆಯವರೆಗೆ ತಾಳ್ಮೆಯಿಂದ ಕೇಳಿಸಿಕೊಂಡ. “ಆತ್ರಿ. ಈ ದಾರದ ತುದಿ ಒಂಚೂರ ಬಿಗಿ ಹಿಡೀರಿ” ಎಂದು ನನ್ನ ಕೈಗೆ ಕೊಟ್ಟು ಆ ಕಡೆಗೆ ಹೋದ.

ಎರಡೂ ಕೈಯಿಂದ ಹಿಡಿದೆ. ಮೂರು ತಿಂಗಳಲ್ಲಿ ನನಗೆ ಪೂರ್ತಿ ಅರ್ಥವಾದ ಮೊದಲ ಕೆಲಸ ಅದು. ದಾರ ಸಡಿಲಾದರೆ ಗೋಡೆ ಸೊಟ್ಟಗಾಗುತ್ತದೆ ಎಂದು ಉಸಿರು ಬಿಗಿಹಿಡಿದು ನಿಂತೆ. ಬಿಸಿಲು ನೆತ್ತಿಗೆ ಬಂತು. ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಶಕುಂತಲಾ ಬಗಲಲ್ಲಿ ಕೌದಿಯ ಗಂಟು ಇರುಕಿಕೊಂಡು ಆ ಕಡೆಯಿಂದ ಬಂದಳು.

“ಯಾಕ ಹಿಂಗ ನಿಂತೀರಿ?”

“ಕಾಣಂಗಿಲ್ಲೇನ? ದಾರ ಹಿಡದೇನಿ. ದಸ್ತಗೀರಭಾಯಿ ಸಾಲ ಹಿಡಿಯಾಕತ್ತಾನ.”

ಅವಳು ದಾರದ ಆ ತುದಿಯ ಕಡೆ ನೋಡಿದಳು, ನನ್ನನ್ನು ನೋಡಿದಳು. “ಆ ಕಡೆ ಮೊಳೆಗೆ ಕಟ್ಟಿ ಹೋಗ್ಯಾನ. ತಂಗೆವ್ವನ ಕಟ್ಟಿ ಮ್ಯಾಲೆ ಕುಂತ ರೊಟ್ಟಿ ತಿನ್ನಾಕತ್ತ ಅರ್ಧಾ ತಾಸ ಆತು. ಬಿಡ್ರಿ ಅದನ್ನ, ಊಟಕ್ಕ ಬರ್ರಿ.”

ನಾನು ಬಿಡಲಿಲ್ಲ. ಗುರುವಾರದಿಂದ ರವಿವಾರದವರೆಗೆ ಸುಮ್ಮನಿದ್ದದ್ದಕ್ಕೆ ಅರ್ಧ ತಾಸು ಸಾಕೋ, ಇನ್ನೂ ಎಷ್ಟು ಹೊತ್ತು ಹಿಡಿದು ನಿಲ್ಲಬೇಕಾಗುತ್ತದೋ ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಿದ್ದೆ. ಗಣಿತ ನನ್ನ ವಿಷಯವಲ್ಲ.